ಹಸಿ ಸೌದೆ

ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರೆ
ಒಣಗಿದ್ದು ಟಣ್ ಅನ್ನುತ್ತದೆ,
ಹಸಿಯದು ದಬ್.
ಇಪ್ಪತ್ತೆರಡು ವರ್ಷ ಸೌದೆ ಮಾರಿದವನಿಗೆ
ಇಷ್ಟೇ ವಿದ್ಯೆ.
ಲೆಂಗ ಮರ ನೀರು ಬಿಡಲು ಎರಡು ಬೇಸಗೆ ಬೇಕು.
ಯಾರಿಗಿದೆ ಎರಡು ಬೇಸಗೆಯ ತಾಳ್ಮೆ,
ಜೂನ್ ಬಂತೆಂದರೆ ಕೊಯಾಯ್ಕೆಯಲ್ಲಿ
ನಲ್ಲಿಯ ನೀರು ಕೊಳವೆಯಲ್ಲೇ ಕಲ್ಲಾಗುವಾಗ?
"ಒಣಗಿದೆಯೇನಪ್ಪಾ?" ಅನ್ನುತ್ತಾರೆ.
"ಮೂಳೆಯ ಹಾಗೆ" ಅನ್ನುತ್ತೇನೆ.

ಊರು ಬಟ್ಟಲಲ್ಲಿದೆ, ಸುತ್ತ ಗುಡ್ಡ.
ಗಾಳಿ ಸತ್ತ ರಾತ್ರಿ ಮೇಲೊಂದು ಮುಚ್ಚಳ ಬೀಳುತ್ತದೆ.
ಒಳಗೆ ನಮ್ಮ ನಮ್ಮ ಹೊಗೆಗೂಡಿನ ಉಸಿರನ್ನು
ನಾವು ನಾವೇ ಹಂಚಿಕೊಂಡು ಉಣ್ಣುತ್ತೇವೆ.

ಮಿಲರಾಯ್‌ಗೆ ಒಂಬತ್ತು.
ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾಳೆ,
ಏಣಿ ಇಳಿಯುವ ಬಡಗಿಯಂತೆ.
ಬೆಳಗ್ಗೆ ಒಂದು ಗಂಟೆ ಅವಳ ಬೆರಳು ಅವಳ ಮಾತು ಕೇಳುವುದಿಲ್ಲ.
ಪೇಸ್ಟಿನ ಮುಚ್ಚಳ ನಾನೇ ತಿರುಗಿಸಿ,
ತಿರುಗಿಸಲೇ ಇಲ್ಲವೆಂಬಂತೆ ಸಡಿಲ ಇಟ್ಟಿರುತ್ತೇನೆ.
ಶುಕ್ರವಾರ ಹಳದಿ ಸೂಜಿಮದ್ದು.
ಅದು ಶುರುವಾದಾಗಿನಿಂದ ಹಳದಿಯ ಯಾವುದನ್ನೂ ಮುಟ್ಟಳು,
ಜೋಳ ತಿನ್ನಳು,
ಮೊಟ್ಟೆಯ ನಡುವನ್ನು ಬೆಕ್ಕಿಗೆ ಹಾಕುತ್ತಾಳೆ.

ಎರಡು ತಿಂಗಳಿಗೊಮ್ಮೆ ವಿಮಾನದಲ್ಲಿ ಬರುವ
ಡಾಕ್ಟರ್ ಓಯಾರ್ಸುನ್ ಹೇಳಿದರು:
ಮೈ ಕಾಯಲು ಬಿಟ್ಟ ನಾಯಿಗಳು
ಕುರಿಗೇ ಬಾಯಿ ಹಾಕಿವೆ.
ನಾನು ಕೇಳಿದೆ, ಕುರಿ ಕಾಯುವವನ ಮಗ:
ಮಂದೆಯ ನಾಯಿ ಸುಮ್ಮಸುಮ್ಮನೆ ಹಾಗೆ ಮಾಡುವುದಿಲ್ಲ,
ಯಾರು ರೇಗಿಸಿದರು?
ಅವರು ಕಿಟಕಿಯತ್ತ ನೋಡಿದರು.
ಅಲ್ಲಿ ಗುಡ್ಡ ಇರಬೇಕಿತ್ತು, ಇರಲಿಲ್ಲ.
"ಹೊಗೆಯೇ ಅನ್ನಲಾರೆ. ಅಲ್ಲ ಅಂತಲೂ ಅನ್ನಲಾರೆ.
ಗಾಳಿ ಕೆಟ್ಟ ವಾರಗಳಲ್ಲಿ ಇಂಥ ಮಕ್ಕಳು
ಹೆಚ್ಚು ಬರುತ್ತಾರೆ. ಅಷ್ಟು ನೋಡಿದ್ದೇನೆ."
ಚೀಟಿಯಲ್ಲಿ ಬರೆದರು, ಉರಿಯೂತ.
ಮೊದಲು ಉರಿ, ಆಮೇಲೆ ಊತ.
ಪದದೊಳಗೇ ಯಾರೋ ಒಲೆ ಹಚ್ಚಿಟ್ಟಿದ್ದರು.

ಅವಳ ಮಂಡಿಯ ಮೇಲೆ ಕೈಯ ಹಿಂಬದಿ ಇಡುತ್ತೇನೆ,
ಹತ್ತಿದೆಯೋ ಆರಿದೆಯೋ ಎಂದು
ಒಲೆಯ ಬಾಗಿಲು ಮುಟ್ಟಿ ನೋಡುವ ಹಾಗೆ.
ಹತ್ತಿದೆ.

ಆಗಸ್ಟಿನ ಒಂದು ರಾತ್ರಿ ರೇಡಿಯೋ ಹೇಳಿತು,
ತುರ್ತು ಸ್ಥಿತಿ, ಸೌದೆ ಒಲೆ ಹಚ್ಚಬೇಡಿ.
ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ.
ಬೇಲಿಯಾಚೆ ದೋನ್ಯ ಎರ್ಮಿಂದಳ ಹೊಗೆಗೂಡು
ಬೂದು ಉಣ್ಣೆ ಬಿಚ್ಚಿ ಬಿಚ್ಚಿ
ನಮ್ಮ ಸೂರಿಗೆ ಸುತ್ತುತ್ತಿತ್ತು.
ಮುದುಕಿಗೆ ನಾಲ್ಕು ಮಾತು ಆಡಿ ಬರೋಣವೆಂದು ಹೋದೆ.
ನಾಲ್ಕೂ ಬಾಗಿಲಲ್ಲೇ ನಿಂತವು.
ಒಲೆಯೊಳಗೆ ತುದಿಯಲ್ಲಿ ನೊರೆ ಬಿಟ್ಟು
ಚುಂಯ್ ಅನ್ನುತ್ತಿದ್ದದ್ದು ನನ್ನದೇ ಸೌದೆ,
ನನ್ನದೇ ಏಪ್ರಿಲ್ ಲೋಡು, ನನ್ನದೇ "ಮೂಳೆಯ ಹಾಗೆ".
"ಹತ್ತುತ್ತಲೇ ಇಲ್ಲ ನೋಡು,
ನನ್ನ ಕೈಯೇ ಸರಿಯಿಲ್ಲವೇನೋ" ಅಂದಳು,
ನನಗಾಗಿ ಲೋಟಕ್ಕೆ ಬಿಸಿನೀರು ಬಗ್ಗಿಸುತ್ತ.

ಕೊಟ್ಟಿಗೆಯ ಹಿಂದೆ, ನಮ್ಮ ಮನೆಗೆಂದೇ ಇಟ್ಟ
ಎರಡು ಬೇಸಗೆಯ ಸೌದೆ ಇತ್ತು.
ಹೊತ್ತು ಅವಳಿಗೆ ಹಾಕಿದೆ, ಹಸಿಯದನ್ನು ವಾಪಸು ತಂದೆ.
ಪುಣ್ಯದ ಕೆಲಸ ಅನ್ನಬೇಡಿ,
ನನ್ನ ಲೆಕ್ಕದ ಪುಸ್ತಕದಲ್ಲಿ ಇನ್ನೂರ ಹತ್ತು ಮನೆ ಉಳಿದವು.
ನಮ್ಮ ಒಲೆ ಆರಿತು.
ಚಳಿಗೂ ಅವಳ ಕೀಲು ಬಿಗಿಯುತ್ತವೆ,
ಅದನ್ನು ಯಾವ ಪಂಚಾಯಿತಿಗೆ ಒಯ್ಯಲಿ?
ಮೂರು ಕಂಬಳಿಯೊಳಗೆ ನಾನು, ಅವಳ ಅವ್ವ, ಅವಳು, ಬೆಕ್ಕು
ಒಂದೇ ಪ್ರಾಣಿಯ ಹಾಗೆ ಮಲಗಿದೆವು.

ಬೆಳಗ್ಗೆ ಗಾಡಿಯ ಹತ್ತಿರ ಬಂದಳು, ಗೋಡೆ ಹಿಡಿದು.
ಊದಿದ ಬೆರಳಲ್ಲಿ ಎರಡು ತುಂಡು ಎತ್ತಿ,
ನೋವಾಗದ ಹಾಗೆ ಮೆಲ್ಲಗೆ ಬಡಿದು, ಕಿವಿಗೊಟ್ಟಳು.
"ದಬ್" ಅಂದಳು.
ಇನ್ನೆರಡು. "ದಬ್."
ಗಾಡಿ ತುಂಬಿತ್ತು.
ಶಾಲೆಗೆ ಇನ್ನೂ ಒಂದು ಗಂಟೆ ಹೊತ್ತಿತ್ತು ಅವಳಿಗೆ.